ಅಂಚಿನ ಆಟ

ಈ ಸುಣ್ಣದ ಗೆರೆ ಎಷ್ಟು ನೆಟ್ಟಗಿದೆಯಲ್ಲ, ದಾರ ಹಿಡಿದೇ ಎಳೆದಿರಬೇಕು, ತಮ್ಮೂರು ಬಿಳಿಗದ್ದೆಯಲ್ಲಿ ಯಾವತ್ತಾದರೂ ಗೆರೆ ನೆಟ್ಟಗೆ ಬಂದದ್ದುಂಟೇ, ಅಲ್ಲಿ ಹಳೆಯ ಗದ್ದೆಯ ಅಂಚು ಹೇಗೆ ಹೋಗಿತ್ತೋ ಗೆರೆಯೂ ಹಾಗೇ ಹೋಗುತ್ತಿತ್ತು, ಡೊಂಕು ಡೊಂಕಾಗಿ, ಆಡಲು ಬಂದ ಪರವೂರಿನವರು ಹಲ್ಲು ಕಿರಿಯುತ್ತಿದ್ದರು, ಕಿರಿಯಲಿ, ಸೋತು ಹೋಗುವಾಗ ಬಾಯಿ ಮುಚ್ಚಿಕೊಂಡೇ ಹೋಗುತ್ತಿದ್ದರಲ್ಲ — ಮೂಡಿಗೆರೆಯ ಈ ನೆಟ್ಟನೆ ಗೆರೆಯ ಮೇಲೆ ಈಗ ಪ್ರಸಾದಣ್ಣನ ಬೆನ್ನು, ಹನ್ನೊಂದನೇ ನಂಬರು, ಬೆವರಿಗೆ ಅಂಟಿಕೊಂಡ ಹಳದಿ ಜೆರ್ಸಿ, ಇಷ್ಟು ವರ್ಷದಿಂದ ನೋಡಿ ನೋಡಿ ಸಾಕಾದ ಬೆನ್ನು, ದೊಡ್ಡಪ್ಪನ ಮಗ ಬಸವಪ್ರಸಾದನ ಮುಖಕ್ಕಿಂತ ಬೆನ್ನೇ ಮಲ್ಲಿಕಾರ್ಜುನನಿಗೆ ಹೆಚ್ಚು ಪರಿಚಯ. ಅಣ್ಣ ಎಡ ವಿಂಗು, ತಮ್ಮ ಅವನ ಹಿಂದೆ ಎಡ ಬ್ಯಾಕು. ಅವನು ಮುಂದೆ ಹೋದರೆ ಇವನು ಹಿಂದೆ ಕಾಯಬೇಕು, ಅವನು ಚೆಂಡು ಕಳೆದುಕೊಂಡರೆ ಇವನು ಬಿದ್ದು ಎದ್ದು ಓಡಬೇಕು, ಅವನಿಗೆ ಚಪ್ಪಾಳೆ ಬಿದ್ದರೆ ಇವನೂ ತಟ್ಟಬೇಕು. ಫುಟ್‌ಬಾಲ್ ಫೈನಲ್ಲು, ಒಂದು-ಒಂದು, ಎದುರಿಗೆ ಆಲ್ದೂರಿನವರು, ಎರಡನೇ ಅರ್ಧವೂ ಮುಗಿಯುತ್ತ ಬಂತು, ರಸ್ತೆಯಾಚೆಯ ತೋಟದಲ್ಲಿ ಕಾಫಿ ಹೂ ಬಿಟ್ಟಿದೆ, ಗಾಳಿ ಬೀಸಿದಾಗಲೆಲ್ಲ ಆ ವಾಸನೆ ಬಂದು ಮೂಗಿಗೆ ಬಡಿಯುತ್ತದೆ, ಬೇರೆ ದಿನವಾದರೆ ಎಷ್ಟು ಚಂದ.

ಎಡಗೆರೆಯಾಚೆ ಶಾಮಿಯಾನದ ಕೆಳಗೆ ಬಿಳಿ ಟೋಪಿ, ಕಪ್ಪು ಕನ್ನಡಕ, ಕೈಯಲ್ಲಿ ಎಳನೀರು — ಅವರೇ ಸೆಕ್ರೆಟರಿ, ಕೊಟ್ಟಿಗೆಹಾರದ ದಾರಿಯಲ್ಲಿ ಹೊಸದಾಗಿ ಎದ್ದ ರೆಸಿಡೆನ್ಶಿಯಲ್ ಸ್ಕೂಲಿನವರು, ಜೂನ್‌ನಿಂದ ಅವರಿಗೊಬ್ಬ ಫುಟ್‌ಬಾಲ್ ಕೋಚ್ ಬೇಕು, ಇಂಟರ್‌ವ್ಯೂ ಗಿಂಟರ್‌ವ್ಯೂ ಎಂತದೂ ಇಲ್ರೀ, ಫೈನಲ್ ದಿನ ಬಂದು ನಿಮ್ಮ ಆಟ ನೋಡ್ತೀನಿ, ಅಲ್ಲೇ ಹೇಳ್ತೀನಿ ಎಂದು ಫೋನಿನಲ್ಲಿ ಅವರು ಹೇಳಿದ ದಿನ ಮಲ್ಲಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಎಸ್ಟೇಟಿನ ರೈಟರ್ ಕೆಲಸ ಬಿಡಬಹುದು, ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಆಳುಗಳ ಹಾಜರಿ, ನಡುವೆ ಧಣಿಗಳ ನಾಯಿಗೆ ಮಾತ್ರೆ ತರುವುದು, ಇದೂ ಒಂದು ಬಾಳೇ, ಅವನಿಗೆ ನಿಜವಾಗಿ ಬರುವುದು ಒಂದೇ, ಆಟ ಹೇಳಿಕೊಡುವುದು, ಊರಿನ ಮಕ್ಕಳನ್ನು ಸಂಜೆ ಸಂಜೆ ಕಟ್ಟಿಕೊಂಡು ಒದ್ದಾಡಿದ್ದಾನೆ, ಅದನ್ನೇ ಯಾರೋ ಕೆಲಸ ಎಂದು ಕೊಡುತ್ತಾರೆಂದರೆ! ಬೆಳಿಗ್ಗೆ ಹೆಂಡತಿ ರೂಪಶ್ರೀ ಜೆರ್ಸಿಗೆ ಇಸ್ತ್ರಿ ಹಾಕಿ ಕೊಟ್ಟಳು, ಜೆರ್ಸಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೇನೇ ಎಂದು ನಕ್ಕಿದ್ದ, ಇರ್ಲಿ ಬಿಡಿ, ಅವ್ರು ನೋಡ್ತಾರಲ್ಲ, ಚೊಕ್ಕ ಕಾಣ್ಬೇಕು ಅಂದಳು, ಆ ನಗು ಹಾಂದಿ ತಿರುವು ದಾಟುವವರೆಗೆ ಮುಖದಲ್ಲಿತ್ತು, ಅಲ್ಲಿ ಪಿಕಪ್ಪಿನ ಸ್ಟೇರಿಂಗ್ ತಿರುಗಿಸುತ್ತ, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತ ಪ್ರಸಾದಣ್ಣ ಬಾಯಿಬಿಟ್ಟ, ನಾನೂ ಒಂದು ಅರ್ಜಿ ಬಿಸಾಕಿದೀನಿ ಮಾರಾಯ ಆ ಸ್ಕೂಲಿಗೆ, ಇಬ್ಬರಲ್ಲಿ ಯಾರಿಗೆ ಸಿಕ್ಕಿದ್ರೂ ಮನೆಗೇ ಅಲ್ವಾ. ಬಿಸಾಕಿದೀನಿ! ಹೋಂಸ್ಟೇ ಇದೆ, ಪ್ರವಾಸಿಗಳನ್ನು ಗುಡ್ಡ ಹತ್ತಿಸಲು ಎರಡು ಜೀಪಿದೆ, ನಿಂಗೆ ಎಂತಕ್ಕಣ್ಣಾ ಅದು ಎಂದು ಕೇಳಿದರೆ, ಮಳೆಗಾಲದಲ್ಲಿ ಬೋರಾಗತ್ತೆ ಮಾರಾಯ, ಟೈಂಪಾಸಿಗೆ. ಮಲ್ಲಿ ಕಿಟಕಿಯ ಗಾಜು ಪೂರಾ ಇಳಿಸಿ ಹೊರಗೆ ನೋಡುತ್ತ ಕೂತ.

ತಿಮ್ಮಪ್ಪಣ್ಣ ಕೂಗುತ್ತಿದ್ದಾನೆ, ಅಂಚು ಹಿಡೀರೋ, ಅಂಚು! — ಕೆಎಸ್ಸಾರ್ಟಿಸಿಯಲ್ಲಿ ಡ್ರೈವರಾಗಿ ರಿಟೈರಾದವನು, ಬಿಳಿಗದ್ದೆ ಬಾಯ್ಸ್‌ಗೆ ಅವನೇ ಕೋಚು, ಅವನೇ ದೇವರು, ಆಲ್ದೂರಿನವರು ಆ ಮಾತು ಕೇಳಿ ಮುಸಿಮುಸಿ ನಗುತ್ತಾರೆ, ಲೋಕವೆಲ್ಲ ವಿಂಗ್ ಅನ್ನುವುದಕ್ಕೆ ಇವರದು ಅಂಚು, ಇದೇನು ನಾಟಿಯೋ ಫುಟ್‌ಬಾಲೋ ಎಂದು ಏಳನೇ ನಂಬರಿನವನು ಆಗಲೇ ಕೆಣಕಿದ. ನಗುವವರಿಗೆ ಏನು ಗೊತ್ತು. ಬಿಳಿಗದ್ದೆಯ ಮೈದಾನ ಅಂದರೆ ಅಪ್ಪ ಭತ್ತ ಬಿಟ್ಟ ಮೇಲೆ ಹುಡುಗರಿಗೆ ಕೊಟ್ಟ ಗದ್ದೆ, ಎರಡು ಬದಿಯ ಅಂಚುಗಳನ್ನು ಕಡಿದು ತಗ್ಗಿಸಿದ್ದು, ಅಜ್ಜ ಮುತ್ತಜ್ಜ ತುಳಿದು ತುಳಿದು ಸಿಮೆಂಟಿನಂತಾದ ಮಣ್ಣು, ಅದರ ಮೇಲೆ ಚೆಂಡು ಬಿಟ್ಟರೆ ಹಾರುತ್ತದೆ, ನಡುವೆ ಮಾತ್ರ ಒರತೆ, ಏಪ್ರಿಲ್ ಬಿಸಿಲಿನಲ್ಲೂ ಕಾಲು ಹೂಳುವ ಹುದುಲು. ಅಪ್ಪ ನಾಲ್ಕು ಲೋಡು ಮಣ್ಣು ಹೊಡೆಸಲು ತಯಾರಾಗಿದ್ದ, ದೊಡ್ಡಪ್ಪ ಬಂದು ಅಂಗಳದಲ್ಲಿ ನಿಂತು, ಒರತೆ ಮುಚ್ಚಿದ್ರೆ ನನ್ನ ಕೆಳಗಿನ ಬಾವಿ ಬತ್ತತ್ತಲ್ಲ ತಮ್ಮಾ ಅಂದ, ಅಪ್ಪ ತಲೆ ಕೆರೆದುಕೊಂಡು ಆಯ್ತು ಅಣ್ಣಾ ಅಂದ, ಮುಗಿಯಿತು, ಅಪ್ಪನೂ ಒಂದು ಥರದ ಎಡ ಬ್ಯಾಕೇ. ಹೀಗೆ ನಡು ಸತ್ತಿತು, ಆಟ ಬದಿಗೆ ಹೋಯಿತು. ಪರವೂರಿನವರು ನಡುವೆ ನುಗ್ಗಿ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಿಂತರೆ ಇವರು ಅಂಚು ಹಿಡಿದು ಆಚೆ ಮುಟ್ಟಿಬಿಡುತ್ತಿದ್ದರು, ಗೆದ್ದದ್ದು ಕಪ್ಪಿನ ಮೇಲೆ ಕಪ್ಪು, ಪೇಪರಿನವರು ಒಮ್ಮೆ ಬರೆದರು, ರೆಕ್ಕೆಗಳ ತಂಡ ಅಂತ, ತಿಮ್ಮಪ್ಪಣ್ಣ ಅದನ್ನು ಕತ್ತರಿಸಿ ಪಾಕೀಟಿನಲ್ಲಿ ಇಟ್ಟುಕೊಂಡು ತಿರುಗಿದ, ನಮ್ಮದು ಟ್ಯಾಕ್ಟಿಕ್ಸು ಅಂತ ಊರಿಗೆಲ್ಲ ಹೇಳಿದ. ಟ್ಯಾಕ್ಟಿಕ್ಸು! ಕೆಸರಿಗೆ ಇಟ್ಟ ಹೆಸರು.

ಆದರೂ ಅಂಚಿನ ಆಟ ಕೆಟ್ಟದ್ದು ಅಂತ ಅವನು ಹೇಳುವುದಿಲ್ಲ, ಹೇಳಿದರೆ ನಾಲಿಗೆ ಬಿದ್ದುಹೋಗಲಿ, ಚೆಂಡು ಗೆರೆಯ ಗುಂಟ ಓಡಿದರೆ ಎದುರಾಳಿಗಳು ಅತ್ತ ಇತ್ತ ಎಳೆದ ಹಳೇ ಸೀರೆಯಂತೆ ಅಗಲವಾಗುತ್ತಾರೆ, ಎಳೆ ಬಿಟ್ಟಲ್ಲಿ ಸಂದಿ, ಆ ಸಂದಿಯಲ್ಲಿ ಗೋಲು, ಎರಡನೇ ಅರ್ಧ ಶುರುವಾದ ಕೂಡಲೇ ಆದದ್ದೂ ಅದೇ — ಪ್ರಸಾದಣ್ಣ ಎಡಗಡೆ ಒಬ್ಬನನ್ನು ಸುಳಿದು ದಾಟಿ, ಮೂಲೆಯ ಬಾವುಟದ ಹತ್ತಿರದಿಂದ ಎತ್ತಿ ಹಾಕಿದ ಚೆಂಡು ಎಲ್ಲರ ತಲೆ ದಾಟಿ ಆಚೆ ಕಂಬಕ್ಕೆ ಬಂತು, ಬಲ ವಿಂಗಿನ ಕುಮಾರ್ ಓಡಿ ಬಂದು ತಲೆ ಕೊಟ್ಟ. ಚಂದದ ಗೋಲು, ಸುಳ್ಳು ಹೇಳಬಾರದು, ಮಲ್ಲಿಯೂ ಹಾರಿ ಕುಣಿದ, ಒಂದು ಕ್ಷಣ ಪಿಕಪ್ಪು ಅರ್ಜಿ ಎಲ್ಲ ಮರೆತ. ಆಮೇಲೆ ಶಾಮಿಯಾನದ ಕಡೆ ನೋಡಿದ, ಸೆಕ್ರೆಟರಿ ಎಳನೀರು ತೊಡೆಯ ಮೇಲಿಟ್ಟು ಚಪ್ಪಾಳೆ ತಟ್ಟುತ್ತಿದ್ದಾರೆ, ಪ್ರಸಾದಣ್ಣ ಅವರ ಮುಂದೆಯೇ ಗೆರೆಯ ಮೇಲೆ ನಿಂತು ಕೈ ಎತ್ತಿದ್ದಾನೆ. ಆ ಚೆಂಡನ್ನು ಅಷ್ಟು ದೂರದಿಂದ ಅವನ ಕಾಲಿಗೆ ತಲುಪಿಸಿದ್ದು ಯಾರು, ಇಬ್ಬರ ನಡುವಿನಿಂದ ಕಿತ್ತು ಕೊಟ್ಟದ್ದು ಯಾರು ಅಂತ ಕೇಳುವವರಿಲ್ಲ, ಬ್ಯಾಕು ಕೊಟ್ಟ ಚೆಂಡಿಗೆ ಅಪ್ಪ ಅಮ್ಮ ಇರುವುದಿಲ್ಲ. ಹೊಟ್ಟೆ ಉರಿ ಅನ್ನಲಿ ಯಾರು ಬೇಕಾದರೂ, ಹೌದು, ಹೊಟ್ಟೆ ಉರಿಯೇ.

ಅದೇ ಪ್ರಸಾದಣ್ಣ ಅದೇ ದಾರಿಯಲ್ಲಿ ಮತ್ತೆ ಹೋದ, ಮತ್ತೆ, ಮತ್ತೆ, ಆಲ್ದೂರಿನವರೇನು ಕುರುಡರೇ, ಅವನ ಮೈಮೇಲೆ ಇಬ್ಬರನ್ನು ಬಿಟ್ಟರು, ಗೆರೆಗೆ ಒತ್ತಿ ಹಿಡಿದರೆ ಅವನಿಗೆ ಹೋಗಲು ಜಾಗವೆಲ್ಲಿ, ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಆ ನೆಟ್ಟನೆ ಸುಣ್ಣ, ಚೆಂಡು ಹೋಯಿತು. ಹೋದದ್ದೇ ಅವನು ಸೊಂಟಕ್ಕೆ ಕೈಯಿಟ್ಟು ನಿಂತ, ಆಕಾಶ ನೋಡಿದ, ಹಿಂದೆ ಓಡುವ ಅಭ್ಯಾಸ ಆ ಮನೆತನಕ್ಕೇ ಇಲ್ಲ. ಅವನ ಹಿಂದೆ ಬಿದ್ದ ಬಯಲಿನಲ್ಲಿ ಏಳನೇ ನಂಬರಿನವನು ಬಿಟ್ಟ ಕರುವಿನಂತೆ ಬಂದ, ಮಲ್ಲಿ ಹೊರಗೆ ಹೋಗಿ ತಡೆದರೆ ನಡು ಖಾಲಿ, ನಡುವೆ ನಿಂತರೆ ಬದಿ ಖಾಲಿ, ಒಬ್ಬ ಮನುಷ್ಯನಿಗೆ ಇರುವುದೇ ಎರಡು ಕಾಲು, ಹೊರಗೆ ಹೋದ, ಚೆಂಡು ಒಳಗೆ ಹೋಯಿತು, ನಡುವೆ ಅವರವನೊಬ್ಬ ಪುರುಸೊತ್ತಿನಲ್ಲಿ ನಿಂತಿದ್ದ, ಒಂದು-ಒಂದು. ಮಲ್ಲೀ, ಎಲ್ಲಿ ಸತ್ತಿದ್ಯೋ, ನಿನ್ ಸೈಡ್ ಅಲ್ವೇನೋ ಅದು — ತಿಮ್ಮಪ್ಪಣ್ಣನ ಗಂಟಲು ಘಾಟಿಯಲ್ಲಿ ಹಾರನ್ ಹೊಡೆದ ಹಾಗೆ, ಶಾಮಿಯಾನಕ್ಕೇನು, ಪೇಟೆಗೇ ಕೇಳಿರಬೇಕು. ಚೆಂಡು ಕಳೆದ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಗೋಲು ಬಿದ್ದ ಜಾಗ ಎಲ್ಲರಿಗೂ ಕಾಣುತ್ತದೆ, ಅಲ್ಲಿ ಮಲ್ಲಿ ಮಣ್ಣಿನಲ್ಲಿ ಬಿದ್ದಿದ್ದ, ಇಸ್ತ್ರಿ ಹಾಕಿದ ಜೆರ್ಸಿಯ ಸಮೇತ. ಸೆಕ್ರೆಟರಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಏನು ಹೇಳಿದರು, ಆ ಬ್ಯಾಕ್ ಯಾರ್ರೀ ಅಂತಲೇ, ಮಕ್ಕಳಿಗೆ ಇವನು ಹೇಳಿಕೊಡೋದಾ ಅಂತಲೇ.

ಹೀಗೇ ಕಾಯುತ್ತ ನಿಂತರೆ ಜೂನ್ ಅವನದಾಗುವುದಿಲ್ಲ, ಅದು ಖಂಡಿತ, ಕಾಯುವವನನ್ನು ಯಾರೂ ನೋಡುವುದಿಲ್ಲ, ತಪ್ಪಿದಾಗ ಮಾತ್ರ ನೋಡುತ್ತಾರೆ, ಹಾಗಾದರೆ ಒಂದು ಸಲ, ಒಂದೇ ಒಂದು ಸಲ ತಾನೂ ಹೋಗಬೇಕು, ಅಣ್ಣನ ಹೊರಗಿನಿಂದ ಹಾದು, ಅವನಿಗಿಂತ ಮುಂದೆ. ಹೊಸದೇನಲ್ಲ ಅದು, ಲೋಕದ ಎಲ್ಲ ಬ್ಯಾಕುಗಳೂ ಈಗ ಹಾಗೇ ಆಡುವುದು, ಹೋದ ವಾರ ಚಹಾದ ಅಂಗಡಿಯ ಬೆಂಚಿನ ಮೇಲೆ ಕಾಫಿ ಬೀಜ ಜೋಡಿಸಿ ತೋರಿಸಿದ್ದನಲ್ಲ, ನೋಡಣ್ಣಾ, ನಾನು ನಿನ್ನ ದಾಟಿ ಗೆರೆ ಹಿಡಿದು ಹೋದ್ರೆ ನೀನು ಗೆರೆ ಬಿಟ್ಟು ನಡುವಿಗೆ ನುಗ್ಬೇಕು, ನಾನು ಹಾಕ್ತೀನಿ, ನೀನು ಹೊಡಿ, ಇಲ್ಲದಿದ್ರೆ ನಮ್ಗೆ ನಡುವಲ್ಲಿ ಜನವೇ ಇಲ್ಲ. ಆಯ್ತು ಮಾರಾಯ, ಹಾಗೇ ಮಾಡುವ ಅಂದ ಪ್ರಸಾದಣ್ಣ, ಒಂದು ಬೀಜ ಬಾಯಿಗೆ ಹಾಕಿಕೊಂಡು ಕಡಿದ. ಬಿಳಿಗದ್ದೆಯಲ್ಲಿ ಅದನ್ನು ಆಡಿ ನೋಡಲಿಕ್ಕೆ ಆಗಲಿಲ್ಲ, ನಡುವೆ ಹುದುಲು, ನುಗ್ಗುವುದೆಲ್ಲಿಗೆ, ಇಲ್ಲಿ ಆದೀತು, ಇಲ್ಲಿಯ ನೆಲ ಗೋಲಿನಿಂದ ಗೋಲಿನವರೆಗೆ ಕೆಂಪಗೆ ಒಣಗಿ ಒಂದೇ ಸಮ ಇದೆ. ಹಾಗಾದರೂ ಗೋಲು ಹೊಡೆದವನು ಪ್ರಸಾದಣ್ಣನೇ ಆಗುತ್ತಾನಲ್ಲ, ಆಗಲಿ, ಹೊಡೆಸಿದವನು ಯಾರು ಅಂತ ಒಬ್ಬ ಸೆಕ್ರೆಟರಿಗೆ ತಿಳಿದರೆ ಸಾಕು, ಅಷ್ಟೇ ಸಾಕು.

ಈಗ — ಕುಮಾರ್ ಬಲಗಡೆಯಿಂದ ಉದ್ದಕ್ಕೆ ಎತ್ತಿ ಒದ್ದ, ಚೆಂಡು ಮೈದಾನ ದಾಟಿ ಬಂದು ಪ್ರಸಾದಣ್ಣನ ಕಾಲ ಬಳಿ, ಅವನ ಮೇಲೆ ಮತ್ತೆ ಆ ಇಬ್ಬರು, ಈಗ ಹೋದರೆ ಹೋದೆ, ಹೋಗು, ಮಲ್ಲಿ ಹೋದ, ಹಿಂದೆ ಬಯಲು ಬಿಟ್ಟು ಹೋದ, ಮಲ್ಲೀ ಎಲ್ಲಿಗೋ ಎಂದು ತಿಮ್ಮಪ್ಪಣ್ಣ ಅರಚುತ್ತಾನೆ, ಅರಚಲಿ, ಅಣ್ಣಾ ಕೊಡು ಎಂದು ಇವನು ಕೂಗಿದ, ಅಣ್ಣ ತಿರುಗಿ ನೋಡಿದ, ಆ ಮುಖದಲ್ಲಿ ಆಶ್ಚರ್ಯವೋ ಸಿಡುಕೋ, ದಾರಿ ಕಾಣದೆ ಕೊಟ್ಟನೋ ಮನಸ್ಸಿನಿಂದ ಕೊಟ್ಟನೋ, ಕೊಟ್ಟ, ಚೆಂಡು ಮುಂದೆ, ಗೆರೆ ಬಲು ಚಂದ ಓಡುತ್ತಿದೆ ಕಾಲ ಪಕ್ಕದಲ್ಲಿ, ಶಾಮಿಯಾನದ ನೆರಳು ದಾಟಿತು, ಬಿಳಿ ಟೋಪಿ ಎದ್ದು ನಿಂತಿತು, ಹೌದು ಸ್ವಾಮಿ ನಾನೇ, ನಾನೇ ಮಲ್ಲಿಕಾರ್ಜುನ, ಎದೆಯಲ್ಲಿ ಉಸಿರಿಲ್ಲ, ಬಾವುಟ ಬಂತು, ತಲೆ ಎತ್ತಿ ನೋಡಲು ಪುರುಸೊತ್ತಿಲ್ಲ, ಬೇಡ, ಗೊತ್ತು, ಬೀಜ ಜೋಡಿಸಿದ ಹಾಗೇ, ಅಣ್ಣ ಈಗ ನಡುವಿನಲ್ಲಿರಬೇಕು, ಎಡಗಾಲು ಬೀಸಿದ. ಜನ್ಮದಲ್ಲಿ ಹಾಗೆ ಹೊಡೆದಿರಲಿಲ್ಲ, ಎತ್ತರವಿಲ್ಲ, ತಿರುವಿಲ್ಲ, ನೆಲಕ್ಕೆ ಅಂಟಿಕೊಂಡು ಬಿಗಿಯಾಗಿ, ಗೋಲ್‌ಕೀಪರ್ ಬಿದ್ದ, ಅವನ ಬೆರಳು ದಾಟಿತು, ಗೋಲಿನ ಬಾಯಿಗೆ ಅಡ್ಡವಾಗಿ ಚೆಂಡು ಹೋಗುತ್ತಿದೆ, ಒಂದು ಕಾಲು ಬೇಕು, ಮೊಣಕಾಲು ಸಾಕು, ಹೊಟ್ಟೆ ತಾಗಿದರೂ ಸಾಕು — ಯಾರೂ ಇಲ್ಲ. ಚೆಂಡು ಗೋಲಿನ ಮುಂದೆ ಹಾದು ಹೋಯಿತು, ತನ್ನ ಪಾಡಿಗೆ, ಆಚೆ ಬದಿಗೆ, ಅಷ್ಟು ದೂರದಿಂದ ಒದ್ದ ಕುಮಾರ್ ಇನ್ನೂ ಬಂದು ಮುಟ್ಟಿರಲಿಲ್ಲ. ಪ್ರಸಾದಣ್ಣ ಕೊಟ್ಟ ಜಾಗದಲ್ಲೇ ಇದ್ದ, ಗೆರೆಯ ಮೇಲೆ, ಶಾಮಿಯಾನದ ಮುಂದೆ.

ಆಮೇಲಿನದು ನೋಡುವ ಅಗತ್ಯವೇ ಇರಲಿಲ್ಲ, ಆಲ್ದೂರಿನವರು ಎರಡೇ ಒದೆತದಲ್ಲಿ ಚೆಂಡನ್ನು ಮಲ್ಲಿ ಬಿಟ್ಟು ಬಂದ ಬಯಲಿಗೆ ತಂದರು, ಏಳನೇ ನಂಬರಿನವನು ಒಬ್ಬನೇ ಹೋದ, ಓಡಿಕೊಂಡೂ ಹೋಗಲಿಲ್ಲ ಪುಣ್ಯಾತ್ಮ, ನಡೆದೇ ಹೋದ ಅನ್ನಬೇಕು, ಗೋಲು, ಎರಡು-ಒಂದು, ಮತ್ತೆ ನಡುವಿನಿಂದ ಚೆಂಡು ಎತ್ತುವಷ್ಟರಲ್ಲಿ ಉದ್ದದ ಸೀಟಿ, ಮುಗಿಯಿತು. ಆಲ್ದೂರಿನವರ ಪಟಾಕಿ. ಮಲ್ಲಿ ಬಾವುಟದ ಹತ್ತಿರವೇ ಕುಕ್ಕರಿಸಿದ್ದಾನೆ, ಎಲ್ಲ ಬಾಯಿಗಳೂ ಅವನ ಹೆಸರನ್ನೇ ಹಿಡಿದಿವೆ, ಯಾರು ಹೇಳಿದ್ರು ನಿಂಗೆ ಮೇಲೆ ಹೋಗು ಅಂತ, ನಿಂಗೆ ಎಂತ ಬಂದಿತ್ತೋ ರೋಗ ಎಂದು ತಿಮ್ಮಪ್ಪಣ್ಣ ಅಳುವವನ ಹಾಗೆ ಕೇಳುತ್ತಿದ್ದಾನೆ, ಅದರ ನಡುವೆ ಪ್ರಸಾದಣ್ಣ ಬಂದು ಭುಜ ತಟ್ಟಿದ, ಹೋಗ್ಲಿ ಬಿಡು ಮಲ್ಲಿ, ಆಗತ್ತೆ. ಮೈಯೆಲ್ಲ ಹತ್ತಿ ಉರಿಯಿತು, ನಡುವಿಗೆ ಎಂತಕ್ಕಣ್ಣಾ ಹೋಗ್ಲಿಲ್ಲ ಎಂದು ಕೇಳಿದ, ಕೇಳಿದ್ದೋ ಕಿರುಚಿದ್ದೋ, ಬೇಕು ಅಂತಲೇ ನಿಂತ್ಯಲ್ಲ, ನನ್ನ ಹೆಸರು ಬರಬಾರದು ಅಂತ! ಪ್ರಸಾದಣ್ಣನ ಮುಖದಲ್ಲಿ ಕಳ್ಳತನ ಹುಡುಕಿದ, ಕಣ್ಣಿನಲ್ಲಿ ಕಣ್ಣಿಟ್ಟು ಹುಡುಕಿದ, ಸಿಕ್ಕಿದ್ದರೆ ಎಷ್ಟು ಹಾಯಾಗುತ್ತಿತ್ತು, ಜೀವಮಾನವಿಡೀ ದ್ವೇಷ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು, ಅವನು ಮಂಕಾಗಿ ನೋಡಿದ, ನಡುವಿಗಾ? ಅಂದ, ಹೋಗ್ಬೇಕಿತ್ತು ಹೌದು, ಕಾಲೇ ಹೋಗ್ಲಿಲ್ಲ ಮಾರಾಯ.

ಈಗ ಶಾಮಿಯಾನದ ಮುಂದೆ ಸೆಕ್ರೆಟರಿ ಪ್ರಸಾದಣ್ಣನ ಕೈ ಕುಲುಕುತ್ತಿದ್ದಾರೆ, ಇನ್ನೊಂದು ಕೈ ಅವನ ಹೆಗಲ ಮೇಲೆ, ಏನು ಹೇಳುತ್ತಿದ್ದಾರೆಂದು ಇಲ್ಲಿಗೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹೋಗಬೇಕು, ತಾನೂ ಹೋಗಿ ನಿಲ್ಲಬೇಕು, ನಮಸ್ಕಾರ ಸಾರ್ ಎನ್ನಬೇಕು, ಚೀಲ ಮೈದಾನದ ಬಲಗಡೆ ಹುಣಸೆಮರದ ಬುಡದಲ್ಲಿದೆ, ಮೊದಲು ಅದನ್ನು ತಂದು, ಮುಖ ಒರೆಸಿಕೊಂಡು — ಆಚೆ ಬದಿಗೆ ಹೋದ, ಚೀಲ ತೆಗೆದುಕೊಂಡ, ವಾಪಸು ಹೊರಟ, ಜನ ಚೆದುರುತ್ತಿದ್ದಾರೆ, ರೂಪಶ್ರೀಗೆ ಏನು ಹೇಳುವುದು, ಸೋತ್ವಿ ಅನ್ನುವುದು ಸುಲಭ, ಇನ್ನೊಂದನ್ನು ಹೇಗೆ ಹೇಳುವುದು, ಯಾಕೆ ಶಾಮಿಯಾನ ಇಷ್ಟು ದೂರವಾಯಿತು, ನೆಟ್ಟಗೆ ಹೋದರೆ ನಾಲ್ಕು ಹೆಜ್ಜೆ ಇರಬೇಕಿತ್ತು, ತಾನೇಕೆ ಗೋಲಿನ ಹಿಂದಿನಿಂದ, ಗೆರೆಯ ಗುಂಟ, ಸುತ್ತು ಹಾಕಿಕೊಂಡು, ನಡುವೆ ಏನಿದೆ, ಏನೂ ಇಲ್ಲ, ಕೆಂಪು ಮಣ್ಣು, ಒಣ ಮಣ್ಣು, ಹೆಂಗಸೊಬ್ಬಳು ಮಗು ಎತ್ತಿಕೊಂಡು ಚಪ್ಪಲಿ ಕಾಲಿನಲ್ಲಿ ನೆಟ್ಟಗೆ ದಾಟಿ ಹೋಗುತ್ತಿದ್ದಾಳೆ, ತಾನು ಮಾತ್ರ, ಬರುವಾಗಲೂ ಹೀಗೇ ಬಂದಿರಬೇಕು, ಗೊತ್ತೇ ಆಗಲಿಲ್ಲ, ಅಂಚು ಹಿಡಿದು. ಮಲ್ಲಿ ನಿಂತ. ಅಲ್ಲಿ ಅಣ್ಣನ ಜಾಗದಲ್ಲಿ ತಾನಿದ್ದರೆ, ತನ್ನ ಹೊರಗಿನಿಂದ ಅವನು ಹಾದು ಹೋಗಿ ಅಂಥದೊಂದು ಚೆಂಡು ಹಾಕಿದ್ದರೆ, ತಾನಾದರೂ ನಡುವಿಗೆ ಹೋಗುತ್ತಿದ್ದನೇ — ಒಂದು ಹೆಜ್ಜೆ ನಡುವಿನ ಕಡೆಗೆ ಇಟ್ಟು ನೋಡಬೇಕು, ಕಾಲು ಎತ್ತಿದ, ಕಣ್ಣ ಮುಂದೆ ಮತ್ತೆ ಅದೇ ಚೆಂಡು ಹೋಗುತ್ತಿದೆ, ಗೋಲಿನ ಬಾಯಿಗೆ ಅಡ್ಡವಾಗಿ, ಗೋಲ್‌ಕೀಪರ್ ಬಿದ್ದಿದ್ದಾನೆ, ಬಲೆ ಪೂರಾ ತೆರೆದಿದೆ, ಸಮತಟ್ಟಾದ ಒಣ ನೆಲದ ಮೇಲೆ ಚೆಂಡು ಹೋಗುತ್ತಿದೆ, ನಡುವೆ ಯಾರೂ ಇಲ್ಲ, ಚೆಂಡು ಹೋಗುತ್ತಿದೆ